ತೋಟದ ಮೋಟಾರಿಗೆ ವೈರ್‌ಲೆಸ್ ಸ್ವಿಚ್: ಲೈಸೆನ್ಸ್ ಬೇಕಾ, ಬೇಡ್ವಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಮೋಟಾರು ಹಳ್ಳದ ಪಕ್ಕದಲ್ಲಿದೆ, ಮನೆಯಿಂದ ಸುಮಾರು 1.2 ಕಿಲೋಮೀಟರ್. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಹಾಗಾಗಿ ಸಿಮ್ ಹಾಕುವ ಸ್ಟಾರ್ಟರ್ ಪ್ರಯೋಜನಕ್ಕೆ ಬರಲಿಲ್ಲ. ಮಗ ಆನ್‌ಲೈನ್‌ನಲ್ಲಿ 433 ಮೆಗಾಹರ್ಟ್ಸ್‌ನ ಲೋರಾ (ಕಡಿಮೆ ಪವರಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ) ಮಾಡ್ಯೂಲ್ ತರಿಸಿ ಮನೆಯಲ್ಲೇ ಒಂದು ಸ್ವಿಚ್ ಮಾಡಿದ್ದಾನೆ. ಕೆಲಸ ಮಾಡುತ್ತದೆ, ಆದರೆ ಆಗಾಗ ಕೈಕೊಡುತ್ತದೆ. ಅಮೆರಿಕದಲ್ಲಿರುವ ಅಣ್ಣನ ಮಗ 915 ಮೆಗಾಹರ್ಟ್ಸ್‌ನ ಎರಡು ಬೋರ್ಡ್ ಕೊಟ್ಟು ಹೋಗಿದ್ದಾನೆ, ‘ಇದಕ್ಕೆ ಲೈಸೆನ್ಸ್ ಬೇಡ, ಇದನ್ನೇ ಹಾಕಿ’ ಅಂತ. ಪಕ್ಕದ ತೋಟದವರು ‘ವೈರ್‌ಲೆಸ್ ಇಟ್ಟುಕೊಂಡರೆ ಪೊಲೀಸ್ ಕೇಸು’ ಅಂತ ಹೆದರಿಸುತ್ತಾರೆ. ಅವರೇ ‘ನಮಗೂ ಒಂದು ಮಾಡಿಸಿಕೊಡಿ’ ಅಂತಲೂ ಕೇಳುತ್ತಾರೆ! ಯಾರ ಮಾತು ನಂಬುವುದು?

ಉತ್ತರ: ಮೂವರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಮೊದಲು ನಿಮಗೆ ಬೇಕಾದ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಕೆಲಸಕ್ಕೆ ಲೈಸೆನ್ಸ್ ಬೇಡ, ಆದರೆ 433 ಬಿಡಿ, 915 ಮುಟ್ಟಬೇಡಿ, 865ರಿಂದ 867 ಮೆಗಾಹರ್ಟ್ಸ್ ಒಳಗೆ ಬನ್ನಿ. ಅಲ್ಲಿಗೆ ಬಂದರೆ ನಿಮ್ಮ ಕಾನೂನಿನ ತಲೆನೋವು ಹೋಗುತ್ತದೆ, ಜೊತೆಗೆ ಆಂಟೆನಾ ಎತ್ತರಿಸಿದರೆ ಕೈಕೊಡುವ ತೊಂದರೆಯೂ ಬಹುಪಾಲು ಹೋಗುತ್ತದೆ. ಯಾಕೆ ಅಂತ ನಿಧಾನವಾಗಿ ನೋಡೋಣ.

ಪಕ್ಕದ ತೋಟದವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಅಂತ ಒಂದಿತ್ತು. ಅದರ 3ನೇ ಕಲಮು ಏನು ಹೇಳುತ್ತಿತ್ತು ಅಂದರೆ, ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣವನ್ನು ಬಳಸುವುದಿರಲಿ, ಇಟ್ಟುಕೊಳ್ಳುವುದೇ ತಪ್ಪು. ಲೈಸೆನ್ಸ್ ಇಲ್ಲದ ಟ್ರಾನ್ಸ್‌ಮಿಟರ್ ಸಿಕ್ಕರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಕಾಲದಲ್ಲಿ ಮನೆಯ ರೇಡಿಯೋಗೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು, ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ನೆನಪಿರುತ್ತದೆ. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಅದರ ಕೆಲವು ಭಾಗಗಳು 2024ರ ಜೂನ್ 26ರಿಂದ ಜಾರಿಯಲ್ಲಿವೆ. ಹಳೆಯ ಕಾಯ್ದೆಯ ಕೆಳಗೆ ಹೊರಡಿಸಿದ ನಿಯಮಗಳು ಹೊಸದಕ್ಕೆ ವಿರುದ್ಧವಾಗಿಲ್ಲದಿದ್ದರೆ ಮುಂದುವರಿಯುತ್ತವೆ ಅಂತ ಈ ಹೊಸ ಕಾಯ್ದೆಯಲ್ಲೇ ಬರೆದಿದೆ. ನಮಗೆ ಬೇಕಾಗಿರುವುದು ಆ ನಿಯಮಗಳೇ.

ಅಂದರೆ ನಮ್ಮಲ್ಲಿ ಮೂಲ ನಿಯಮ ‘ಲೈಸೆನ್ಸ್ ಇಲ್ಲದೆ ಕೂಡದು’ ಅಂತಲೇ. ಅದರ ಮೇಲೆ ಸರ್ಕಾರ ಒಂದೊಂದು ಬ್ಯಾಂಡಿಗೆ (ಫ್ರೀಕ್ವೆನ್ಸಿಯ ಪಟ್ಟಿಗೆ) ಒಂದೊಂದು ಅಧಿಸೂಚನೆ ಹೊರಡಿಸಿ, ‘ಈ ಮಿತಿಯೊಳಗಿದ್ದರೆ ಇದಕ್ಕೆ ಲೈಸೆನ್ಸ್ ಕೇಳುವುದಿಲ್ಲ’ ಅನ್ನುತ್ತದೆ. ಜನ ಈ ಮಾತಿನ ಎರಡನೇ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ. ‘ಲೈಸೆನ್ಸ್ ಬೇಡ’ ಅನ್ನುವುದು ಬ್ಯಾಂಡಿಗೆ ಅಂಟಿಸಿದ ಚೀಟಿಯಲ್ಲ. ಅದೊಂದು ಷರತ್ತುಗಳ ಕಂತೆ. ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್, ಎಷ್ಟು ಅಗಲದ ಸಿಗ್ನಲ್, ಒಳಗೋ ಹೊರಗೋ, ಉಪಕರಣಕ್ಕೆ ಒಪ್ಪಿಗೆ ಇದೆಯೋ ಇಲ್ಲವೋ, ಇಷ್ಟೂ ಕೂಡಿ ಬಂದಾಗ ಮಾತ್ರ ವಿನಾಯಿತಿ. ಒಂದು ಷರತ್ತು ತಪ್ಪಿದರೂ ನೀವು ಮತ್ತೆ ಆ ‘ಕೂಡದು’ಗೇ ಬಂದು ನಿಂತಿರುತ್ತೀರಿ. ಈ ಕೆಲಸ ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗ, 1952ರಿಂದ ಇದೆ.

ಈಗ ನಿಮ್ಮ ಮಗ ಮಾಡಿದ 433ರ ಸ್ವಿಚ್ ನೋಡೋಣ. ಭಾರತದಲ್ಲಿ 433–434 ಮೆಗಾಹರ್ಟ್ಸ್‌ಗೆ 2012ರಲ್ಲಿ ವಿನಾಯಿತಿ ಕೊಟ್ಟಿದ್ದಾರೆ, ನಿಜ. ಆದರೆ ಕಂತೆ ಬಿಚ್ಚಿ ನೋಡಿ: ಕಟ್ಟಡದ ಒಳಗಿನ ಬಳಕೆಗೆ, ಹೊರಹೊಮ್ಮುವ ಪವರ್ 10 ಮಿಲಿವ್ಯಾಟ್ ಒಳಗೆ, ಸಿಗ್ನಲ್ಲಿನ ಅಗಲ 10 ಕಿಲೋಹರ್ಟ್ಸ್ ಒಳಗೆ. ನಿಮ್ಮದು ತೋಟ, ಅಂದರೆ ಬಯಲು. ಲೋರಾ ಮಾಡ್ಯೂಲಿನ ಮಾಮೂಲಿ ಅಗಲ 125 ಕಿಲೋಹರ್ಟ್ಸ್, ಅಂದರೆ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಪವರ್ ಎಷ್ಟಿಟ್ಟಿದ್ದಾರೆ ಅಂತ ನೀವು ಬರೆದಿಲ್ಲ, ಆದರೆ ಈ ಮಾಡ್ಯೂಲ್‌ಗಳನ್ನು ಸಾಮಾನ್ಯವಾಗಿ ಜನ ಬಳಸುವುದು ಪೂರ್ತಿ ಏರಿಸಿಯೇ. ಪೂರ್ತಿ ಅಂದರೆ 20 ಡಿಬಿಎಂ (ಪವರ್ ಅಳೆಯುವ ಮಾನ), ಅದು 100 ಮಿಲಿವ್ಯಾಟ್. ನಿಮ್ಮದೂ ಹಾಗೇ ಇದ್ದರೆ ಮೂರು ಷರತ್ತಿನಲ್ಲಿ ಮೂರೂ ತಪ್ಪಿವೆ, ಇಲ್ಲದಿದ್ದರೂ ಎರಡಂತೂ ತಪ್ಪಿವೆ. ‘433ಕ್ಕೆ ಲೈಸೆನ್ಸ್ ಬೇಡ’ ಅಂತ ಮಾರುವವರು ಸುಳ್ಳು ಹೇಳಲಿಲ್ಲ, ಆದರೆ ಆ ನಿಯಮದ ಆಸರೆ ನಿಮ್ಮ ಲಿಂಕ್‌ಗೆ ಸಿಗುವುದಿಲ್ಲ.

ಇನ್ನೊಂದು ವಿಷಯ. ಕಾರಿನ ರಿಮೋಟ್ ಕೀ, ವೈರ್‌ಲೆಸ್ ಕಾಲಿಂಗ್ ಬೆಲ್, ಗೇಟಿನ ರಿಮೋಟ್, ಅಗ್ಗದ ಕಳ್ಳರ ಅಲಾರಂ, ಇವೆಲ್ಲ 433.92ರ ಸುತ್ತಮುತ್ತಲೇ ಕೂತಿವೆ. ಇದರಲ್ಲಿ ಬಹಳಷ್ಟಕ್ಕೆ ಎದುರಿನವರು ಯಾರು ಅಂತ ಗುರುತಿಸುವ ಬುದ್ಧಿಯೇ ಇಲ್ಲ, ಒಂದೇ ಕೋಡನ್ನು ಮತ್ತೆ ಮತ್ತೆ ಕೂಗುತ್ತವೆ. ಅದರ ಪಕ್ಕದಲ್ಲೇ 434ರಿಂದ 438 ಮೆಗಾಹರ್ಟ್ಸ್ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ ಕೊಟ್ಟ ಜಾಗ. ‘ಹಾಗಾದರೆ ಮಗನಿಗೆ ಹ್ಯಾಮ್ ಪರೀಕ್ಷೆ ಬರೆಸಿ ಅದರಲ್ಲೇ ಮಾಡಿಸುತ್ತೇನೆ’ ಅಂತ ಕೆಲವರು ಕೇಳುತ್ತಾರೆ. ಹ್ಯಾಮ್ ಪರೀಕ್ಷೆ ಖಂಡಿತ ಬರೆಸಿ, ಹುಡುಗನಿಗೆ ಆಸಕ್ತಿ ಇದೆ ಅಂತ ಕಾಣುತ್ತದೆ, 12 ವರ್ಷ ದಾಟಿದ್ದರೆ ಸಾಕು. ಆದರೆ ಅದು ಕಲಿಯುವುದಕ್ಕೆ, ಪ್ರಯೋಗಕ್ಕೆ, ಹವ್ಯಾಸಿಗಳು ತಮ್ಮೊಳಗೆ ಮಾತಾಡುವುದಕ್ಕೆ ಕೊಡುವ ಲೈಸೆನ್ಸ್, ಹಣಕಾಸಿನ ಲಾಭದ ಉದ್ದೇಶ ಇರಬಾರದು. ಅಡಿಕೆ ತೋಟಕ್ಕೆ ನೀರು ಬಿಡುವುದು ದುಡಿಮೆ. ಅದನ್ನು ಹ್ಯಾಮ್ ಅಂತ ತೋರಿಸಲು ಹೋಗಬೇಡಿ.

ಇನ್ನು ಅಮೆರಿಕದ ಬೋರ್ಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮೂರರಲ್ಲಿ ನಿಜಕ್ಕೂ ಅಪಾಯದ್ದು ಇದೇ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದ ಬಳಕೆಗೆ ಬಿಟ್ಟಿದ್ದಾರೆ, ನಿಮ್ಮ ಅಣ್ಣನ ಮಗ ಹೇಳಿದ್ದು ಅಲ್ಲಿಗೆ ಸರಿ. ಪ್ರಪಂಚವನ್ನು ರೇಡಿಯೋ ಲೆಕ್ಕದಲ್ಲಿ ಮೂರು ಪ್ರದೇಶ ಮಾಡಿದ್ದಾರೆ. ಆ ಬ್ಯಾಂಡ್ ಇರುವುದು ಎರಡನೇ ಪ್ರದೇಶಕ್ಕೆ, ಅಂದರೆ ಉತ್ತರ ಮತ್ತು ದಕ್ಷಿಣ ಅಮೆರಿಕಕ್ಕೆ. ನಾವು ಮೂರನೇ ಪ್ರದೇಶ. ನಮ್ಮಲ್ಲಿ 890ರಿಂದ 915 ಮೆಗಾಹರ್ಟ್ಸ್ ಅಂದರೆ 900ರ ಮೊಬೈಲ್ ಬ್ಯಾಂಡಿನಲ್ಲಿ ಫೋನು ಟವರಿಗೆ ಮಾತಾಡುವ ಜಾಗ. ಟವರು ಫೋನಿಗೆ ಉತ್ತರ ಕೊಡುವುದು 935ರಿಂದ 960ರಲ್ಲಿ. ಇದನ್ನು ಕಂಪನಿಗಳು ಹರಾಜಿನಲ್ಲಿ ಕೋಟಿ ಕೋಟಿ ಕೊಟ್ಟು ತೆಗೆದುಕೊಂಡಿವೆ.

ನಿಮ್ಮ ಬೋರ್ಡ್ 915ರಲ್ಲಿ 125 ಕಿಲೋಹರ್ಟ್ಸ್ ಅಗಲದಲ್ಲಿ ಕೂಗಿದರೆ, ಸರಿಯಾಗಿ ಆ ಬ್ಯಾಂಡಿನ ಬೇಲಿಯ ಮೇಲೆ ಕೂರುತ್ತದೆ, ಅರ್ಧ ಒಳಗೆ, ಅರ್ಧ ಹೊರಗೆ. ಟವರಿನ ರಿಸೀವರ್ ಇರುವುದೇ ಕಿಲೋಮೀಟರ್‌ಗಟ್ಟಲೆ ದೂರದ ಫೋನಿನ ಕ್ಷೀಣ ಸಿಗ್ನಲ್ ಹಿಡಿಯುವುದಕ್ಕೆ. ಮಲೆನಾಡಿನಲ್ಲಿ ಸಿಗ್ನಲ್ ಎಷ್ಟು ಕಷ್ಟ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಗುಡ್ಡದ ಮೇಲೆ ಒಂದೇ ಒಂದು ಟವರು, ಅದಕ್ಕೆ ಕಾಣುವ ಹಾಗೆ ನಿಮ್ಮ ಬೋರ್ಡ್ ಬೊಬ್ಬೆ ಹೊಡೆಯುತ್ತಿದ್ದರೆ, ಯಾರದೋ ಮನೆಯಿಂದ ಆಂಬುಲೆನ್ಸ್‌ಗೆ ಮಾಡಿದ ಕಾಲ್ ಹೋಗದೆ ಇರಬಹುದು. ಕಂಪನಿಯವರು ದೂರು ಕೊಟ್ಟರೆ ಹುಡುಕಿಕೊಂಡು ಬರುವವರೂ ಇದ್ದಾರೆ. ಡಬ್ಲ್ಯುಪಿಸಿ ಕೈಕೆಳಗೆ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ ಇದೆ, ಬೆಂಗಳೂರಿನಲ್ಲೂ ಅದರ ಕೇಂದ್ರ ಇದೆ, ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಪತ್ತೆ ಹಚ್ಚುವುದೇ ಅವರ ಕೆಲಸ.

ಇದರಲ್ಲೊಂದು ಸಣ್ಣ ಬಲೆ ಇದೆ, ಮಗನಿಗೆ ಹೇಳಿ. ಆರ್ಡುಯಿನೋಗೆ (ಪ್ರಯೋಗಕ್ಕೆ ಬಳಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ) ಸಿಗುವ ಜನಪ್ರಿಯ ಲೋರಾ ಲೈಬ್ರರಿಯ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಉದಾಹರಣೆ ಕೋಡಿನಲ್ಲಿ ಫ್ರೀಕ್ವೆನ್ಸಿ 915 ಅಂತಲೇ ಬರೆದಿರುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಹಾಕಿದರೆ, ನೀವು 865ಕ್ಕೂ ಒಗ್ಗುವ, 868 ಅಂತ ಮಾರುವ ಮಾಡ್ಯೂಲ್ ಕೊಂಡಿದ್ದರೂ ಅದು 915ರಲ್ಲೇ ಕೂಗುತ್ತದೆ. ಎರಡು ಬೋರ್ಡ್‌ಗೂ ಅದೇ ಕೋಡ್ ಹಾಕಿರುವುದರಿಂದ ಲಿಂಕ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಂತ ಆ ಬೋರ್ಡ್‌ಗಳನ್ನು ಎಸೆಯಬೇಕಾಗಿಲ್ಲ. 868 ಅಂತ ಮಾರುವುದರಲ್ಲೂ 915 ಅಂತ ಮಾರುವುದರಲ್ಲೂ ಬಹಳ ಸಲ ಇರುವುದು ಎಸ್‌ಎಕ್ಸ್ 1276 ಅನ್ನುವ ಒಂದೇ ಚಿಪ್. ಅದು 137ರಿಂದ 1020 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಹೇಳಿದರೆ ಅಲ್ಲಿ ಕೂರುತ್ತದೆ. ಕೋಡಿನಲ್ಲಿ ಒಂದು ಸಾಲು ಬದಲಿಸಿ 866ಕ್ಕೆ ತಂದು, ಆಂಟೆನಾ ಬದಲಿಸಿದರೆ ಬೆಂಚಿನ ಮೇಲೆ ಇಟ್ಟು ಪ್ರಯೋಗ ಮಾಡುವುದಕ್ಕೆ ಆಗುತ್ತದೆ. ಆದರೆ ನಿಮ್ಮ 433ರ ಮಾಡ್ಯೂಲ್ ಹೀಗೆ ಬದಲಾಗುವುದಿಲ್ಲ. ಅದರಲ್ಲಿ ಇರುವುದು ಹೆಚ್ಚಾಗಿ ಎಸ್‌ಎಕ್ಸ್ 1278, 525 ಮೆಗಾಹರ್ಟ್ಸ್ ಆಚೆಗೆ ಹೋಗುವುದೇ ಇಲ್ಲ. ಅದನ್ನು ಪೆಟ್ಟಿಗೆಗೆ ಹಾಕಿಡಿ.

ಈಗ 865ಕ್ಕೆ ಬರೋಣ. 2005ರಲ್ಲಿ 865–867 ಮೆಗಾಹರ್ಟ್ಸ್ ಅನ್ನು ಬಿಟ್ಟುಕೊಟ್ಟರು, 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿದರು. ಷರತ್ತು: ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್ ಒಳಗೆ, ಆಂಟೆನಾ ಸೇರಿ ಹೊರಗೆ ಹೋಗುವುದು 4 ವ್ಯಾಟ್ ಒಳಗೆ, ಸಿಗ್ನಲ್ಲಿನ ಅಗಲ 200 ಕಿಲೋಹರ್ಟ್ಸ್ ಒಳಗೆ. ಟೋಲ್ ಗೇಟಿನಲ್ಲಿ ನಿಮ್ಮ ಕಾರಿನ ಫಾಸ್ಟ್ಯಾಗ್ ಓದುವುದು ಇದೇ ಬ್ಯಾಂಡಿನಲ್ಲಿ. 10 ಮಿಲಿವ್ಯಾಟ್ ಎಲ್ಲಿ, 4 ವ್ಯಾಟ್ ಎಲ್ಲಿ! ನಾನೂರು ಪಟ್ಟು. ಲೋರಾದ 125 ಕಿಲೋಹರ್ಟ್ಸ್ ಅಗಲ ಇದರೊಳಗೆ ಆರಾಮಾಗಿ ಕೂರುತ್ತದೆ. ಆದರೆ 250 ಅಥವಾ 500ಕ್ಕೆ ಏರಿಸಿದಿರೋ, ಪವರ್ ಎಷ್ಟೇ ಕಡಿಮೆ ಇರಲಿ, ನಿಯಮದ ಹೊರಗೆ. ‘ವೇಗ ಜಾಸ್ತಿ ಸಿಗುತ್ತದೆ’ ಅಂತ ಹುಡುಗರು ಇದನ್ನು ಏರಿಸುತ್ತಾರೆ. ಮೋಟಾರು ಆನ್, ಆಫ್ ಅನ್ನುವುದಕ್ಕೆ ಎಂಥ ವೇಗ?

ಇಲ್ಲೂ ಒಂದು ಬಲೆ ಇದೆ. ಯುರೋಪಿಗೆ ಅಂತ ಮಾಡಿದ 868ರ ಉಪಕರಣಗಳು ಮೊದಲು ಕೂಗುವುದು 868.1, 868.3, 868.5ರಲ್ಲಿ. ನಮ್ಮ ಬೇಲಿ 868ಕ್ಕೇ ಮುಗಿಯಿತು. ಅಂದರೆ ‘868’ ಅಂತ ಪೆಟ್ಟಿಗೆ ಮೇಲೆ ನೋಡಿ, ನಮ್ಮಲ್ಲೂ 868 ಇದೆಯಲ್ಲ ಅಂತ ಹಾಗೇ ಹಾಕಿದರೆ, ಬೇಲಿಯಿಂದ ಆಚೆಗೆ ಹೆಜ್ಜೆ ಇಟ್ಟಿರುತ್ತೀರಿ. ಲೋರಾವ್ಯಾನ್‌ನವರು (ಹಲವು ಲೋರಾ ಉಪಕರಣಗಳನ್ನು ಒಂದು ಜಾಲಕ್ಕೆ ಸೇರಿಸುವ ವ್ಯವಸ್ಥೆಯವರು) ಭಾರತಕ್ಕೆ ಅಂತಲೇ ಮೂರು ಫ್ರೀಕ್ವೆನ್ಸಿ ಗೊತ್ತು ಮಾಡಿದ್ದಾರೆ: 865.0625, 865.4025, 865.985. ಮೂರೂ ಹಳೆಯ 867ರ ಮಿತಿಯೊಳಗೇ ಇವೆ. ನಿಮಗೆ ಲೋರಾವ್ಯಾನ್ ಬೇಕಾಗಿಲ್ಲ, ಎರಡು ಬೋರ್ಡ್ ನೇರವಾಗಿ ಮಾತಾಡಿದರೆ ಸಾಕು. ಆದರೂ ಈ ಬ್ಯಾಂಡಿನಲ್ಲೇ ಒಂದು ಕಡೆ ಕೂತುಕೊಳ್ಳಿ, ಉದಾಹರಣೆಗೆ 866.2. ಬೇಲಿಯ ಅಂಚಿಗೆ ಹೋಗಬೇಡಿ. ಅಗ್ಗದ ಬೋರ್ಡಿನ ಕ್ರಿಸ್ಟಲ್ ಬಿಸಿಲಿಗೆ ಸ್ವಲ್ಪ ಅತ್ತಿತ್ತ ಜಾರುತ್ತದೆ.

ಪವರಿನ ಲೆಕ್ಕದಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ಮಿತಿ ಇರುವುದು ಎರಡು. ಒಂದು ಮಾಡ್ಯೂಲಿನ ಬಾಯಿಂದ ಬರುವುದು, ಇನ್ನೊಂದು ಆಂಟೆನಾದಿಂದ ಗಾಳಿಗೆ ಹೋಗುವುದು. ಆಂಟೆನಾ ಪವರನ್ನು ಹುಟ್ಟಿಸುವುದಿಲ್ಲ, ಆದರೆ ಎಲ್ಲ ಕಡೆ ಹರಡುವುದನ್ನು ಒಂದು ಕಡೆಗೆ ತಿರುಗಿಸುತ್ತದೆ, ಹಾಗಾಗಿ ಆ ದಿಕ್ಕಿನಲ್ಲಿ ನಿಂತು ಅಳೆದವನಿಗೆ ಜಾಸ್ತಿ ಕಾಣುತ್ತದೆ. ನಿಮ್ಮ ಮಾಡ್ಯೂಲ್ 20 ಡಿಬಿಎಂ, ಆಂಟೆನಾ 5 ಡಿಬಿಐ (ಆಂಟೆನಾ ಎಷ್ಟು ಒಂದು ಕಡೆಗೆ ತಿರುಗಿಸುತ್ತದೆ ಅನ್ನುವ ಅಳತೆ) ಅಂತಿಟ್ಟುಕೊಳ್ಳಿ. ಕೂಡಿದರೆ 25. ನಮ್ಮ 865ರ ಮಿತಿ ಡೈಪೋಲ್ ಅನ್ನುವ ಸಾದಾ ಆಂಟೆನಾಕ್ಕೆ ಹೋಲಿಸಿ ಹೇಳಿದ್ದು, ಅದಕ್ಕೆ 2.15 ಕಳೆಯಬೇಕು. 22.85 ಡಿಬಿಎಂ ಉಳಿಯಿತು, ಅಂದರೆ ಸುಮಾರು 0.2 ವ್ಯಾಟ್. 4 ವ್ಯಾಟಿನ ಮುಂದೆ ಏನೇನೂ ಅಲ್ಲ. 1 ವ್ಯಾಟಿನ ದೊಡ್ಡ ಮಾಡ್ಯೂಲ್ ತಂದು ಅದಕ್ಕೆ ಒಂದೇ ದಿಕ್ಕಿಗೆ ಕಳಿಸುವ 12 ಡಿಬಿಐ ‘ಯಾಗಿ’ ಆಂಟೆನಾ ಕಟ್ಟಿದರೆ ಮಾತ್ರ ಮಿತಿ ದಾಟುತ್ತೀರಿ, ಅಲ್ಲಿ ಎಚ್ಚರ.

ಮತ್ತೆ ದಯವಿಟ್ಟು ಆನ್‌ಲೈನ್‌ನಲ್ಲಿ ಸಿಗುವ ಬರೀ ಆಂಪ್ಲಿಫೈಯರ್ ಬೋರ್ಡ್ ತಂದು ನಡುವೆ ಸೇರಿಸಬೇಡಿ. ಅದರಲ್ಲಿ ಫಿಲ್ಟರ್ ಇರುವುದಿಲ್ಲ. 866ರ ಸಿಗ್ನಲ್ ಹಾಕಿದರೆ ಅದರ ಎರಡರಷ್ಟು, 1732 ಮೆಗಾಹರ್ಟ್ಸ್ ಕೂಡ ಹೊರಗೆ ಬರುತ್ತದೆ. ಅದು ಬಂದು ಬೀಳುವುದು 1710ರಿಂದ 1785ರ ನಡುವೆ, ಅಂದರೆ 1800ರ ಮೊಬೈಲ್ ಬ್ಯಾಂಡಿನಲ್ಲಿ ಫೋನು ಟವರಿಗೆ ಮಾತಾಡುವ ಜಾಗಕ್ಕೆ. ನೀವು ಕೂತಿದ್ದು ಸರಿಯಾದ ಬ್ಯಾಂಡಿನಲ್ಲಿ, ಉಗಿದದ್ದು ಬೇರೆಯವರ ಅಂಗಳಕ್ಕೆ.

ಇಷ್ಟಕ್ಕೂ ನಿಮಗೆ ಅಷ್ಟು ಪವರ್ ಬೇಕಾಗಿಯೇ ಇಲ್ಲ. 1.2 ಕಿಲೋಮೀಟರಿಗೆ 866ರಲ್ಲಿ ಅಡ್ಡ ಏನೂ ಇಲ್ಲದಿದ್ದರೆ ಸಿಗ್ನಲ್ ಕಳೆದುಕೊಳ್ಳುವುದು ಸುಮಾರು 93 ಡಿಬಿ. 14 ಡಿಬಿಎಂ, ಅಂದರೆ ಬರೀ 25 ಮಿಲಿವ್ಯಾಟ್ ಕಳಿಸಿ, ಎರಡೂ ಕಡೆ 2 ಡಿಬಿಐ ಆಂಟೆನಾ ಇಟ್ಟರೆ ಆ ತುದಿಗೆ ಮೈನಸ್ 75 ಡಿಬಿಎಂ ತಲುಪುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂದೇಶವನ್ನು ಎಷ್ಟು ನಿಧಾನವಾಗಿ ಹರಡಿ ಕಳಿಸಬೇಕು ಅನ್ನುವ ಲೋರಾದ ಸೆಟ್ಟಿಂಗ್) 9ಕ್ಕೆ ಇಟ್ಟರೆ ಎಸ್‌ಎಕ್ಸ್ 1276 ಸುಮಾರು ಮೈನಸ್ 129ರವರೆಗೆ ಕೇಳಿಸಿಕೊಳ್ಳುತ್ತದೆ. 50 ಡಿಬಿಗಿಂತ ಜಾಸ್ತಿ ಉಳಿಕೆ ಇದೆ. ಹಾಗಾದರೆ ನಿಮ್ಮದು ಕೈಕೊಡುವುದು ಯಾಕೆ? ನಡುವೆ ತೋಟ ಇದೆ, ಅದಕ್ಕೆ. ಮಳೆಗಾಲದಲ್ಲಿ ನೆಂದ ಸೋಗೆ ಸಿಗ್ನಲ್ ಕುಡಿಯುತ್ತದೆ. ನೇರ ಕಣ್ಣಿಗೆ ಕಂಡರೂ ಸಾಲದು, ಸಿಗ್ನಲ್ ಹೋಗುವ ದಾರಿಗೆ ಒಂದು ದಪ್ಪ ಇದೆ. ನಿಮ್ಮ ದೂರಕ್ಕೆ ನಟ್ಟ ನಡುವೆ ಆ ದಪ್ಪದ ಅರ್ಧ ಸುಮಾರು 10 ಮೀಟರ್, ಅದರಲ್ಲಿ ಕನಿಷ್ಠ 6 ಮೀಟರಾದರೂ ಖಾಲಿ ಇರಬೇಕು. ಅಡಿಕೆ ಮರದ ತಲೆಗಿಂತ ಅಷ್ಟು ಮೇಲೆ ಹೋಗುವುದು ಎಲ್ಲ ಕಡೆ ಆಗುವುದಿಲ್ಲ, ಆದರೆ ಮನೆ ದಿಬ್ಬದ ಮೇಲಿದ್ದರೆ ಅರ್ಧ ಕೆಲಸ ಆದ ಹಾಗೆ. ಪಂಪ್‌ಹೌಸಿನ ಕಡೆ ಒಂದು ಜಿಐ ಪೈಪೋ ಗಟ್ಟಿ ಬಿದಿರಿನ ಗಳವೋ ನಿಲ್ಲಿಸಿ ಆಂಟೆನಾ ಮೇಲಕ್ಕೆ ಒಯ್ಯಿರಿ. ಎರಡು ಮೀಟರ್ ಏರಿಸುವುದರಿಂದ ಸಿಗುವ ಲಾಭ ಪವರ್ ಹತ್ತು ಪಟ್ಟು ಮಾಡಿದರೂ ಸಿಗದೆ ಇರಬಹುದು. ಪೈಪಿಗೆ ಅರ್ತಿಂಗ್ ಮರೆಯಬೇಡಿ, ನಿಮ್ಮ ಕಡೆಯ ಸಿಡಿಲು ಗೊತ್ತಲ್ಲ.

ಆಂಟೆನಾ ಅಂದಾಗ ಇನ್ನೊಂದು. 433ರ ಮಾಡ್ಯೂಲಿನ ಜೊತೆ ಬಂದ ಆಂಟೆನಾವನ್ನೇ ಹೊಸದಕ್ಕೂ ತಿರುಗಿಸಿ ಹಾಕಬೇಡಿ. ಕಾಲು ಅಲೆಯ ಉದ್ದ 433ಕ್ಕೆ 17 ಸೆಂಟಿಮೀಟರ್ ಚಿಲ್ಲರೆ, 866ಕ್ಕೆ 8.7 ಸೆಂಟಿಮೀಟರ್. ತಿರುಪು ಒಂದೇ ಇರುತ್ತದೆ, ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಆಂಟೆನಾ ಹಾಕದೇ ಆನ್ ಮಾಡುವುದಂತೂ ಬೇಡವೇ ಬೇಡ, ಚಿಪ್ಪಿಗೆ ಏಟು ಬೀಳುತ್ತದೆ.

ಈಗ ನಿಯಮದಲ್ಲಿ ಯಾರೂ ಓದದ, ಆದರೆ ನನ್ನ ಪ್ರಕಾರ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು. ವಿನಾಯಿತಿ ಕೊಟ್ಟಿರುವುದು ಬೇರೆಯವರಿಗೆ ತೊಂದರೆ ಕೊಡಬಾರದು, ಬೇರೆಯವರಿಂದ ತೊಂದರೆ ಆದರೆ ರಕ್ಷಣೆ ಕೇಳಬಾರದು, ಎಲ್ಲರೂ ಹಂಚಿಕೊಂಡು ಬಳಸಬೇಕು ಅನ್ನುವ ಒಪ್ಪಂದದ ಮೇಲೆ. ಮೊದಲನೆಯದು ಸುಲಭವಾಗಿ ಅರ್ಥ ಆಗುತ್ತದೆ: ಲೈಸೆನ್ಸ್ ಇರುವವರಿಗೆ ನಿಮ್ಮಿಂದ ತೊಂದರೆ ಆದರೆ, ಜಾಗ ಬದಲಿಸಿ, ಪವರ್ ಇಳಿಸಿ, ಆಂಟೆನಾ ತಿರುಗಿಸಿ ಅನ್ನುತ್ತಾರೆ, ಆಗಲಿಲ್ಲ ಅಂದರೆ ನಿಲ್ಲಿಸಿ ಅನ್ನುತ್ತಾರೆ. ನಿಲ್ಲಿಸಬೇಕು, ವಾದ ಇಲ್ಲ. ಎರಡನೆಯದನ್ನು ಜನ ಕಾನೂನಿನ ಮಾತು ಅಂತ ದಾಟಿಬಿಡುತ್ತಾರೆ. ಅದು ನಿಮ್ಮ ಮಗನ ಕೋಡಿಗೆ ಹೇಳಿದ ಮಾತು. ನಾಳೆ ಪಕ್ಕದವರೂ ಇದೇ ಬ್ಯಾಂಡಿನಲ್ಲಿ ಏನೋ ಹಾಕುತ್ತಾರೆ, ನಿಮ್ಮ ಸಿಗ್ನಲ್ ಮುಳುಗುತ್ತದೆ, ನೀವು ಯಾರಿಗೂ ದೂರು ಕೊಡುವ ಹಾಗಿಲ್ಲ.

ಹಾಗಾಗಿ ಸಿಗ್ನಲ್ ಯಾವಾಗ ಬೇಕಾದರೂ ಹೋಗಬಹುದು ಅಂತಲೇ ತಿಳಿದು ಸ್ವಿಚ್ ಮಾಡಬೇಕು. ಮೋಟಾರು ಆನ್ ಆಗಿದೆ, ನೀರು ಬತ್ತಿತು, ನೀವು ಆಫ್ ಒತ್ತಿದಿರಿ, ಸಂದೇಶ ಹೋಗಲಿಲ್ಲ. ಏನಾಗುತ್ತದೆ? ಮೋಟಾರು ಒಣಗಿ ಓಡುತ್ತದೆ, ವೈಂಡಿಂಗ್ ಸುಡುತ್ತದೆ. ಇದಕ್ಕೆ ಮದ್ದು ಏನಂದರೆ, ಮನೆಯ ಬೋರ್ಡ್ ನಿಮಿಷಕ್ಕೊಮ್ಮೆ ‘ಓಡಲಿ’ ಅಂತ ಹೇಳುತ್ತಿರಬೇಕು. ಮೂರ್ನಾಲ್ಕು ಸಲ ಆ ಮಾತು ಕೇಳಿಸದಿದ್ದರೆ ಪಂಪ್‌ಹೌಸಿನ ಬೋರ್ಡ್ ತಾನಾಗಿ ಮೋಟಾರು ನಿಲ್ಲಿಸಬೇಕು. ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗಬಾರದು. ಪ್ರತಿ ಆನ್‌ಗೂ ಆಫ್‌ಗೂ ಆ ಕಡೆಯಿಂದ ‘ಆಯಿತು’ ಅಂತ ಉತ್ತರ ಬರಬೇಕು, ಬರದಿದ್ದರೆ ಇನ್ನೆರಡು ಸಲ ಕೇಳಬೇಕು, ಆಮೇಲೆ ಮನೆಯಲ್ಲಿ ಕೆಂಪು ದೀಪ ಹತ್ತಬೇಕು. ಸಂದೇಶದಲ್ಲಿ ಒಂದು ಗುಟ್ಟಿನ ಕೀ ಮತ್ತು ಏರುತ್ತಾ ಹೋಗುವ ಒಂದು ಸಂಖ್ಯೆ ಇರಲಿ, ಇಲ್ಲದಿದ್ದರೆ ಯಾರಾದರೂ ತುಂಟ ಹುಡುಗ ನಿಮ್ಮ ಸಿಗ್ನಲ್ ಹಿಡಿದಿಟ್ಟುಕೊಂಡು ರಾತ್ರಿ ಮತ್ತೆ ಬಿಟ್ಟರೆ ಮೋಟಾರು ಓಡುತ್ತದೆ. ಡ್ರೈ ರನ್ ರಿಲೇ, ಓವರ್‌ಲೋಡ್ ರಿಲೇ ಇವೆಲ್ಲ ಸ್ಟಾರ್ಟರಿನಲ್ಲಿ ಹಾಗೇ ಇರಬೇಕು, ವೈರ್‌ಲೆಸ್ ಬಂತು ಅಂತ ಕಳಚಬೇಡಿ.

ಇಷ್ಟು ಮಾತಾಡಿಸಿದರೆ ಜಾಗ ತುಂಬಿಬಿಡುವುದಿಲ್ಲವೇ? ಇಲ್ಲ. 20 ಅಕ್ಷರದ ಒಂದು ಸಂದೇಶ ಸ್ಪ್ರೆಡಿಂಗ್ ಫ್ಯಾಕ್ಟರ್ 9ರಲ್ಲಿ ಗಾಳಿಯಲ್ಲಿರುವುದು ಸುಮಾರು 0.2 ಸೆಕೆಂಡ್. ಯುರೋಪಿನಲ್ಲಿ 868ರ ಕೆಲವು ಭಾಗದಲ್ಲಿ ಗಂಟೆಗೆ ನೂರಕ್ಕೊಂದು ಪಾಲು ಮಾತ್ರ ಮಾತಾಡಬೇಕು ಅಂತ ನಿಯಮವೇ ಇದೆ, ಅಂದರೆ ಗಂಟೆಗೆ 36 ಸೆಕೆಂಡ್. ನಮ್ಮ ಭಾರತದ ಲೋರಾವ್ಯಾನ್ ಪಟ್ಟಿಯಲ್ಲಿ ಆ ಮಿತಿ ಇಲ್ಲ. ಇಲ್ಲದಿದ್ದರೂ ನೀವು ಅದನ್ನೇ ಪಾಲಿಸಿ. ನಿಮಿಷಕ್ಕೊಂದು ಸಂದೇಶ ಅಂದರೆ ಗಂಟೆಗೆ 12 ಸೆಕೆಂಡ್ ಆಯಿತು, ಅದೂ ಮೋಟಾರು ಓಡುವಾಗ ಮಾತ್ರ.

ಇನ್ನು ಉಪಕರಣದ ಒಪ್ಪಿಗೆ. ಇದು ಪಕ್ಕದ ತೋಟದವರ ‘ನಮಗೂ ಮಾಡಿಕೊಡಿ’ಗೆ ಸೇರಿದ್ದು. ವಿನಾಯಿತಿಯ ನಿಯಮದಲ್ಲೇ ಉಪಕರಣ ಟೈಪ್ ಅಪ್ರೂವ್ ಆಗಿರಬೇಕು ಅಂತಿದೆ. ಈ ಒಪ್ಪಿಗೆಯನ್ನು ಇಟಿಎ (ಎಕ್ವಿಪ್‌ಮೆಂಟ್ ಟೈಪ್ ಅಪ್ರೂವಲ್) ಅನ್ನುತ್ತಾರೆ, ಡಬ್ಲ್ಯುಪಿಸಿಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಆಗುತ್ತದೆ. ಮಾನ್ಯತೆ ಇರುವ ಲ್ಯಾಬಿನ ಪರೀಕ್ಷಾ ವರದಿ ಬೇಕು. ಅಮೆರಿಕದಲ್ಲಿ ಮನೆಯಲ್ಲೇ ಮಾಡಿದ, ಮಾರದ, ಕಿಟ್‌ನಿಂದ ಜೋಡಿಸದ ಉಪಕರಣ ಐದರವರೆಗೆ ಸ್ವಂತ ಬಳಕೆಗೆ ಇದ್ದರೆ ಒಪ್ಪಿಗೆ ಬೇಡ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಯೂಟ್ಯೂಬಿನಲ್ಲಿ ಅಮೆರಿಕದವರು ಅಷ್ಟು ಧೈರ್ಯವಾಗಿ ‘ನೀವೂ ಮಾಡಿ’ ಅನ್ನುವುದು ಅದಕ್ಕೇ. ನಮ್ಮ 865ರ ನಿಯಮದಲ್ಲಿ ಅಂಥ ಸಾಲು ಇಲ್ಲ. ಹಾಗಾಗಿ ತೋಟದಲ್ಲಿ ಶಾಶ್ವತವಾಗಿ ಕೂರಿಸುವುದಕ್ಕೆ ಇಟಿಎ ಇರುವ 865ರ ಮಾಡ್ಯೂಲನ್ನೇ ಕೊಳ್ಳಿ. ಅಣ್ಣನ ಮಗ ಕೊಟ್ಟ ಬೋರ್ಡ್ ಬೆಂಚಿಗೇ ಇರಲಿ ಅಂದದ್ದು ಈ ಕಾರಣಕ್ಕೆ. ಇಟಿಎ ಪಡೆದ ಮಾಡ್ಯೂಲನ್ನು ಆಂಟೆನಾ ಸಮೇತ, ಪವರ್ ತಿದ್ದದೆ ಬಳಸಿದರೆ ನೀವು ಗಟ್ಟಿ ನೆಲದ ಮೇಲೆ ನಿಂತಿರುತ್ತೀರಿ. ಮಾರುವವರನ್ನು ‘ಲೈಸೆನ್ಸ್ ಫ್ರೀನಾ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ಇಟಿಎ ನಂಬರ್ ಕೊಡಿ’ ಅಂತ ಕೇಳಿ. ಆಗ ಮೌನ ಶುರುವಾದರೆ ಬೇರೆ ಅಂಗಡಿ ನೋಡಿ.

ಪಕ್ಕದವರಿಗೆ ಮಾಡಿಕೊಡುವುದು ಬೇರೆಯೇ ವಿಷಯ. ಸ್ನೇಹಕ್ಕೆ ಮಗ ಹೋಗಿ ಅವರೇ ಕೊಂಡ, ಒಪ್ಪಿಗೆ ಇರುವ ಮಾಡ್ಯೂಲನ್ನು ಕೂರಿಸಿಕೊಟ್ಟರೆ ಒಂದು ಲೆಕ್ಕ. ಡಬ್ಬಿಗೆ ಹಾಕಿ, ಹೆಸರಿಟ್ಟು, ಊರೂರಿಗೆ ಮಾರುವುದಕ್ಕೆ ಹೊರಟರೆ ನೀವು ತಯಾರಕರಾದಿರಿ. ಆಗ ಆ ಉಪಕರಣದ ಹೆಸರಿನಲ್ಲಿ ಇಟಿಎ ಮಾಡಿಸಬೇಕು. ಇಂಟರ್‌ನೆಟ್‌ಗೆ ಸೇರಿಸುವ ಐಒಟಿ ಗೇಟ್‌ವೇ ಥರದ್ದು ಮಾಡಿದರೆ ಟೆಲಿಕಾಂ ಎಂಜಿನಿಯರಿಂಗ್ ಸೆಂಟರ್‌ನ ಕಡ್ಡಾಯ ಪರೀಕ್ಷೆಯ ಪಟ್ಟಿಯನ್ನೂ ನೋಡಬೇಕು. ಮಾಡಬಾರದು ಅಂತಲ್ಲ, ಮಲೆನಾಡಿಗೆ ಇಂಥದ್ದು ಬೇಕೇ ಬೇಕು. ಆದರೆ ಖರ್ಚು, ಕಾಗದ ಎರಡೂ ಲೆಕ್ಕಕ್ಕೆ ತೆಗೆದುಕೊಂಡು ಇಳಿಯಿರಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ನಿಮ್ಮ ಕಡೆಯವರು ಪದೇ ಪದೇ ಕೇಳುವ ಎರಡು ವಿಷಯ ಸೇರಿಸಿಬಿಡುತ್ತೇನೆ. ಒಂದು, ಮೊಬೈಲ್ ಸಿಗ್ನಲ್ ಬೂಸ್ಟರ್. ಅದು ಕಡಿಮೆ ಪವರಿನದೇ ಇರಲಿ, ವಿನಾಯಿತಿ ಇಲ್ಲ. ಟೆಲಿಕಾಂ ಕಂಪನಿ ಬಿಟ್ಟು ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನಿಗೆ ವಿರುದ್ಧ ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೆಟ್ಟ ಬೂಸ್ಟರ್ ಒಂದು ಕಿರುಚಲು ಶುರು ಮಾಡಿದರೆ ಇಡೀ ಊರಿನ ಫೋನು ಕೆಡುತ್ತದೆ. ಎರಡು, ಅಡಿಕೆ ಕೊನೆ (ಗೊನೆ) ಕೊಯ್ಯುವಾಗ ಮಾತಾಡುವುದಕ್ಕೆ ವಾಕಿಟಾಕಿ. 446.0ರಿಂದ 446.2 ಮೆಗಾಹರ್ಟ್ಸ್‌ನದಕ್ಕೆ 2018ರ ನಿಯಮದಲ್ಲಿ ಲೈಸೆನ್ಸ್ ವಿನಾಯಿತಿ ಇದೆ. ಆದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಸೆಟ್‌ಗಳು ಪೊಲೀಸ್ ಫ್ರೀಕ್ವೆನ್ಸಿವರೆಗೆ ಎಲ್ಲಿಗೆ ಬೇಕಾದರೂ ತಿರುಗುತ್ತವೆ. ಫ್ರೀಕ್ವೆನ್ಸಿಯನ್ನೂ ಲೈಸೆನ್ಸ್ ಬೇಕೋ ಬೇಡವೋ ಅನ್ನುವುದನ್ನೂ ಹೇಳದೆ ಮಾರುತ್ತಾರೆ ಅಂತಲೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಆಮೇಲೆ ಮಾರ್ಗಸೂಚಿಯನ್ನೂ ತಂದಿತು. ಅದನ್ನು ಕೊಳ್ಳುವಾಗಲೂ ಕೇಳಬೇಕಾದ್ದು ಅದೇ ಇಟಿಎ.

ಪೊಲೀಸ್ ಕೇಸಿನ ಬಗ್ಗೆ ನಿಮಗೆ ನಿದ್ದೆ ಕೆಡುವುದು ಬೇಡ. ನಿಮಿಷಕ್ಕೊಮ್ಮೆ 866ರಲ್ಲಿ ಪಿಸುಗುಟ್ಟುವ, ಒಪ್ಪಿಗೆ ಇರುವ 25 ಮಿಲಿವ್ಯಾಟಿನ ಉಪಕರಣ ನಿಯಮದ ಒಳಗೇ ಇದೆ. ಅಧಿಸೂಚನೆಯ ಒಂದು ಪ್ರತಿ, ಮಾಡ್ಯೂಲಿನ ಇಟಿಎ ಪ್ರತಿ, ಎರಡನ್ನೂ ಪ್ರಿಂಟ್ ತೆಗೆದು ಸ್ಟಾರ್ಟರ್ ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಲೈನ್‌ಮನ್ ಬಂದು ‘ಇದೆಂಥದು?’ ಅಂದರೂ ತೋರಿಸಬಹುದು.

ಹೊಸ ಮಾಡ್ಯೂಲ್ ಬರುವುದರೊಳಗೆ ಮಗನಿಗೆ ಒಂದು ಕೆಲಸ ಹೇಳಿ. ಹೊಸದನ್ನು ಗಳಕ್ಕೆ ಏರಿಸಿದ ಮೇಲೆ ಪ್ರತಿ ಸಂದೇಶದ ಜೊತೆ ಬರುವ ಸಿಗ್ನಲ್ ಬಲವನ್ನು ಬೋರ್ಡೇ ಬರೆದಿಟ್ಟುಕೊಳ್ಳುವ ಹಾಗೆ ಕೋಡ್ ತಿದ್ದಲಿ. ಬೇಸಿಗೆಯಲ್ಲಿ ಒಂದು ವಾರ, ಜೋರು ಮಳೆಯಲ್ಲಿ ಒಂದು ವಾರ. ಮಳೆಯ ವಾರದಲ್ಲೂ ಮೈನಸ್ 115ಕ್ಕಿಂತ ಕೆಳಗೆ ಹೋಗದಿದ್ದರೆ ಏನೂ ಮಾಡಬೇಡಿ, ಹಾಗೇ ಬಿಡಿ. ಹೋದರೆ ಆ ಪಟ್ಟಿ ಮತ್ತು ಆಂಟೆನಾ ನಿಲ್ಲಿಸಿದ ಜಾಗದ ಒಂದು ಫೋಟೋ ಕಳಿಸಿ, ಎತ್ತರ ಏರಿಸುವುದೋ, ನಡುವೆ ದಿಬ್ಬದ ಮೇಲೆ ಇನ್ನೊಂದು ಬೋರ್ಡ್ ಇಡುವುದೋ ಅಂತ ನೋಡಿ ಹೇಳುತ್ತೇನೆ.